ನೂರರ ಭಾನುವಾರ

ಧ್ವನಿವರ್ಧಕದಲ್ಲಿ ಆ ಮಾತು ಕೇಳಿಬಂದಾಗ ಲಾವೊನ್ ಡೀಟ್ಸ್ ಬಾಯಲ್ಲಿದ್ದ ಕಡಲೆಕಾಯಿ ಸಿಪ್ಪೆಯನ್ನು ಥೂ ಎಂದು ಕಾಲಬುಡಕ್ಕೆ ಉಗಿದಳು.

"ಈ ಭಾನುವಾರ ಮಧ್ಯಾಹ್ನ, ಮ್ಯೂಲ್ಸ್ ಅಭಿಮಾನಿಗಳೇ! ನಮ್ಮ ಥ್ಯಾಡ್ ರೋಬಿಶೋ ಒಂದೇ ಒಂದು ಚೆಂಡನ್ನ ಗಂಟೆಗೆ ನೂರು ಮೈಲಿ ವೇಗದಲ್ಲಿ ಎಸೆದ್ರೆ ಸಾಕು, ಇಲ್ಲಿ ಕೂತಿರೋ ಪ್ರತಿಯೊಬ್ರಿಗೂ ಒಂದೊಂದು ಕಾರ್ನ್‌ಡಾಗ್ ಪುಕ್ಕಟೆ!"

ಜನ ಹೋ ಎಂದು ಎದ್ದರು. ಜೋಳದ ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಮುಳುಗಿಸಿ, ಕಡ್ಡಿಗೆ ಚುಚ್ಚಿ ಕೊಡುವ ಒಂದು ಸಾಸೇಜು. ಅಷ್ಟಕ್ಕೆ ಮನೆ ಮಠ ಇರುವ ಜನ, ಮೊಮ್ಮಕ್ಕಳನ್ನು ಕಂಡ ಜನ ಕುಣಿದಾಡಿದರು. ತಂಡದ ಹೆಸರಿಗೆ ತಕ್ಕ ಹಾಗೆ ಹೇಸರಗತ್ತೆಯ ವೇಷ ತೊಟ್ಟವನೊಬ್ಬ ಆಟಗಾರರ ಚಪ್ಪರದ ಮೇಲೆ ಹತ್ತಿ ಹಿಂಭಾಗ ಅಲ್ಲಾಡಿಸಿದ. ಅದಕ್ಕೂ ಚಪ್ಪಾಳೆ ಬಿತ್ತು. 

"ಟ್ರಿಪ್ ತಲೆ ಓಡಿಸಿದಾನೆ ನೋಡಿ. ಭಾನುವಾರ ಒಂದು ಸೀಟೂ ಖಾಲಿ ಇರಲ್ಲ," ಎಂದ ಪಕ್ಕದಲ್ಲಿ ಕೂತಿದ್ದ ನೆಲ್ಸ್ ಹಾಫ್‌ಸ್ಟಾಡ್. ಟ್ರಿಪ್ ಎಂದರೆ ಮ್ಯೂಲ್ಸ್ ಬೇಸ್‌ಬಾಲ್ ತಂಡದ ಮ್ಯಾನೇಜರು, ಹಲ್ಲು ಕಿರಿಯುವುದೇ ಕಸುಬಾಗಿದ್ದ ಆಸಾಮಿ.

"ಅವನ ತಲೇಲಿರೋದು ತಲೆ ಅಲ್ಲ, ಕರಿದ ಎಣ್ಣೆ," ಎಂದಳು ಲಾವೊನ್.

ನೆಲ್ಸ್ ಆ ಊರಿನ, ಹಾಲ್‌ಬ್ರೂಕಿನ, ದಂತವೈದ್ಯ. ಇಬ್ಬರದೂ ಎಸೆದ ಚೆಂಡು ಹಿಡಿಯುವ ಕ್ಯಾಚರನ ಬೆನ್ನ ಹಿಂದಿನ ಸಾಲು, ವರ್ಷಗಟ್ಟಲೆಯಿಂದ ಅಕ್ಕಪಕ್ಕದ ಸೀಟು. ಅವನ ತೊಡೆಯ ಮೇಲೆ ವೇಗ ಅಳೆಯುವ ಸ್ವಂತ ಗನ್ನು ಇರುತ್ತಿತ್ತು. ಒಂದು ಕೈಯಲ್ಲಿ ಗನ್ನು, ಇನ್ನೊಂದು ಕೈಯಲ್ಲಿ ಫೋನು. ಮ್ಯೂಲ್ಸ್ ಸೇರಿದ್ದ ಮೇಲಿನ ದೊಡ್ಡ ತಂಡ ಕೆಳಗಿನ ಲೀಗುಗಳಲ್ಲಿ ಸಾಕುತ್ತಿದ್ದ ಹುಡುಗರಲ್ಲಿ ಒಳ್ಳೆಯವರನ್ನು ಮೊದಲನೆಯವನಿಂದ ಮೂವತ್ತನೆಯವನವರೆಗೆ ಸಾಲು ಹಚ್ಚಿ ತನ್ನ ಇಂಟರ್ನೆಟ್ ಪುಟದಲ್ಲಿ ಹಾಕುವುದು ಅವನ ಹುಚ್ಚು. ಒಬ್ಬ ಹುಡುಗ ಎರಡು ದಿನ ಚೆನ್ನಾಗಿ ಎಸೆದರೆ ಮೇಲಕ್ಕೆ, ಒಂದು ದಿನ ಕೆಟ್ಟರೆ ಕೆಳಕ್ಕೆ. ಹುಡುಗರನ್ನು ಅವನು 'ಆಸ್ತಿ' ಎನ್ನುತ್ತಿದ್ದ. "ಒಳ್ಳೆ ಆಸ್ತಿ, ಸ್ವಲ್ಪ ಕಾಯಬೇಕು," ಎನ್ನುವಾಗ ಅವನ ಮುಖದ ಮೇಲೆ ಸೈಟು ಕೊಂಡವನ ಕಳೆ ಇರುತ್ತಿತ್ತು.

ಹಾಗಂತ ಲಾವೊನ್ ಏನೂ ಕಡಿಮೆಯವಳಲ್ಲ. ಬೆಳಗ್ಗೆ ಎದ್ದು ಕಾಫಿ ಲೋಟ ಹಿಡಿದು ಕೂತರೆ ಕೆಳಗಿನ ಲೀಗಿನಿಂದ ಮೇಲಿನ ಲೀಗಿನವರೆಗೆ ಎಲ್ಲ ಆಟಗಳ ಫಲಿತಾಂಶ ಓದಿ ಮುಗಿಸದೆ ಏಳುತ್ತಿರಲಿಲ್ಲ. ಯಾವ ಹುಡುಗ ಯಾರನ್ನು ಔಟ್ ಮಾಡಿದ, ಯಾರ ಚೆಂಡು ತಿರುಗುತ್ತಿಲ್ಲ, ಎಲ್ಲ ಬಾಯಿಪಾಠ. ಒಂದು ಕಾಲದಲ್ಲಿ ನೆಲ್ಸ್ ಜೊತೆ ಚೆರಿ ಪೈ ಪಂದ್ಯ ಕಟ್ಟಿ, ಯಾರು ದೊಡ್ಡ ತಂಡ ಮುಟ್ಟುತ್ತಾನೆ, ಯಾರು ಮುಟ್ಟುವುದಿಲ್ಲ ಎಂದು ವಾದಿಸಿದವಳೇ. ಆಮೇಲೆ ಹುಡುಗರಿಗೆ ಮನೆಯಲ್ಲಿ ಕೋಣೆ ಕೊಡಲು ಶುರುಮಾಡಿದಳು. ತಂಡ ಕೊಡುವ ಸಂಬಳದಲ್ಲಿ ಆ ಹುಡುಗರಿಗೆ ಬಾಡಿಗೆಗೆ ಗತಿಯಿಲ್ಲ. ಊರಿನವರೇ ಒಬ್ಬೊಬ್ಬರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಲ್ಲಿಯ ಪದ್ಧತಿ. ಮೇಜಿನ ಎದುರು ಕೂತು ಗಬಗಬ ತಿನ್ನುವವನನ್ನು, ಅಮ್ಮನ ಫೋನು ಬಂದರೆ ಬಚ್ಚಲಿಗೆ ಹೋಗಿ ಮಾತಾಡುವವನನ್ನು, ಹದಿನೇಳನೆಯವನು ಹದಿನೆಂಟನೆಯವನು ಎಂದು ಕರೆಯಲು ಆಮೇಲೆ ಅವಳಿಗೆ ಬಾಯಿ ಬರಲಿಲ್ಲ.

ಆ ವರ್ಷ ಅವಳ ಮನೆಯಲ್ಲಿದ್ದವನು ಥ್ಯಾಡ್ ರೋಬಿಶೋ. ಲೂಸಿಯಾನಾದ ಸೀಗಡಿ ಹಿಡಿಯುವವರ ಮಗ. ಉದ್ದ ಕೈ, ಉದ್ದ ಕಾಲು, ಬಾಗಿಲಿಗೆ ತಲೆ ಬಡಿಸಿಕೊಳ್ಳುವ ಅಭ್ಯಾಸ. ಮೇ ತಿಂಗಳಲ್ಲಿ ಬಂದಾಗ ಅವನನ್ನು ಕೇಳುವವರೇ ಇರಲಿಲ್ಲ. ಜೂನ್‌ನಲ್ಲಿ ಅವನ ಚೆಂಡು ತೊಂಬತ್ತೇಳು ಮುಟ್ಟಿತು, ನೆಲ್ಸ್ ಅವನನ್ನು ಮೂವತ್ತರೊಳಗೆ ತಂದ. ಜುಲೈಯಲ್ಲಿ ತೊಂಬತ್ತೆಂಟು. ಆಗ ಊರೇ ಅವನ ಹಿಂದೆ ಬಿತ್ತು. ಪೆಟ್ರೋಲ್ ಬಂಕಿನಲ್ಲಿ, ಇಗರ್ಜಿಯಲ್ಲಿ, ಎಲ್ಲಿ ಹೋದರೂ ಒಂದೇ ಪ್ರಶ್ನೆ: "ನೂರು ಯಾವಾಗಪ್ಪಾ?"

ಘೋಷಣೆಯ ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಲಾವೊನ್ ಅವನನ್ನು ಹಿಡಿದಳು.

"ಕೈಗೇನಾಗಿದೆಯೋ?"

"ಏನಿಲ್ಲ, ಮಿಸ್ ಲಾವೊನ್." ತೆಂಕಣ ರಾಜ್ಯದ ಹುಡುಗ, ಹೆಂಗಸರನ್ನು ಬರೀ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

"ಏನಿಲ್ದೆ ಎಡಗೈಲಿ ಯಾಕೆ ತಿಂತಿದೀಯ? ನೋಡ್ತಾನೇ ಇದೀನಿ. ಹಾಲಿನ ಡಬ್ಬ ಎಡಗೈಲಿ, ಬಾಗಿಲು ತೆಗೆಯೋದು ಎಡಗೈಲಿ. ಈ ಮನೇಲಿ ಎಷ್ಟು ಜನ ಎಸೆಗಾರರು ಉಂಡು ಹೋಗಿದಾರೆ ಗೊತ್ತಾ? ನನ್ ಕಣ್ಣಿಗೆ ಮಣ್ಣೆರಚಬೇಡ."

ಥ್ಯಾಡ್ ಚಮಚ ಕೆಳಗಿಟ್ಟ. "ಮೊಣಕೈ ಒಳಗಡೆ ಸ್ವಲ್ಪ ಚುಳುಕ್ ಅನ್ನತ್ತೆ."

"ಕಿರುಬೆರಳು?"

ಅವನು ಬಲಗೈ ಬೆರಳುಗಳನ್ನು ಮಡಿಸಿ ಬಿಚ್ಚಿದ. ಆಮೇಲೆ, "ಜೋಮು ಹಿಡಿಯತ್ತೆ," ಎಂದ.

 ಕಿರುಬೆರಳಿನ ಜೋಮು ಅಂದರೆ ಏನೆಂದು ಲಾವೊನ್‌ಗೆ ಗೊತ್ತಿತ್ತು. ಹಿಂದೆ ಇದೇ ಮೇಜಿನಲ್ಲಿ ಕೂತ ಇಬ್ಬರು ಅದೇ ಮಾತು ಹೇಳಿದ್ದರು. ಇಬ್ಬರ ಮೊಣಕೈಯನ್ನೂ ಕೊಯ್ದು, ಕೀಲು ಬಿಗಿದಿಡುವ ಹರಿದ ರಜ್ಜಿನ ಜಾಗಕ್ಕೆ ಮಣಿಕಟ್ಟಿನದೊಂದು ರಜ್ಜು ತಂದು ಹೊಲಿದರು. ಒಬ್ಬ ಈಗ ಟೈರ್ ಮಾರುತ್ತಾನೆ, ಇನ್ನೊಬ್ಬ ಎಲ್ಲಿದ್ದಾನೋ.

"ಇವತ್ತೇ ಕೋಚ್‌ಗೆ ಹೇಳು."

"ಹೇಳಿದ್ರೆ ನನ್ ಕತೆ ಮುಗೀತು. ನಾನೇನು ಲಕ್ಷ ಲಕ್ಷ ಸುರಿದು ಮೊದಲನೇ ಸುತ್ತಲ್ಲೇ ತಂಡಕ್ಕೆ ಆರಿಸಿದ ರಾಜಕುಮಾರನಾ? ಅಂಥೋರಿಗಾದ್ರೆ ಕೊಯ್ದು, ಹೊಲಿದು, ಮುದ್ದು ಮಾಡಿ ಎರಡು ವರ್ಷ ಕಾಯ್ತಾರೆ. ನಂಗೆ ಬಸ್ ಟಿಕೆಟ್ ಕೈಗಿಡ್ತಾರೆ ಅಷ್ಟೇ." ಅವನು ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. "ಭಾನುವಾರ ದೊಡ್ಡ ತಂಡಗಳ ಸ್ಕೌಟುಗಳು ನನ್ನನ್ನ ನೋಡೋಕೆ ಬರ್ತಾರಂತೆ. ಅದೊಂದು ಆಟ ಆಗೋಗ್ಲಿ. ಮೇಲಿನ ಲೀಗಿಗೆ ಕರೆದ್ರೆ ಅಲ್ಲಿ ಒಳ್ಳೆ ಡಾಕ್ಟ್ರು ಇರ್ತಾರೆ, ಆಗ ನಾನೇ ಹೇಳ್ತೀನಿ. ದೇವ್ರಾಣೆ."

"ನೂರು ಎಸೀತೀಯಾ ಈ ಕೈಲಿ?"

"ಎಸೀದಿದ್ರೆ ಜನ ಉಗೀತಾರಲ್ಲ."

"ಉಗೀಲಿ! ಉಗಿದ್ರೆ ಒರೆಸ್ಕೋಬಹುದು. ಕೈ ಹರಿದ್ರೆ ಏನ್ ಒರೆಸ್ಕೋತೀಯ?"

"ನೀವು ಹೋಗಿ ಹೇಳಿದ್ರೆ, ಮಿಸ್ ಲಾವೊನ್, ನಾನು ಇವತ್ತೇ ಬ್ಯಾಗ್ ತಗೊಂಡು ಹೋಗ್ತೀನಿ," ಎಂದ ಥ್ಯಾಡ್. ಅಷ್ಟು ದಿನದಲ್ಲಿ ಅವನು ಅವಳೊಡನೆ ಗಡಸಾಗಿ ಆಡಿದ ಮಾತು ಅದೊಂದೇ.

ಹುಡುಗರಿಗೆ ಮನೆ ಕೊಟ್ಟವರಲ್ಲಿ ಒಂದು ಕಟ್ಟುಪಾಡಿತ್ತು. ಅಡುಗೆಮನೆಯಲ್ಲಿ ಕೇಳಿದ್ದು ಸ್ಟೇಡಿಯಮ್ಮಿಗೆ ಹೋಗಕೂಡದು. ಹೋದರೆ ಯಾವ ಹುಡುಗನೂ ಆಮೇಲೆ ಆ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹೊಸದಾಗಿ ಮನೆ ಕೊಡುವ ಹೆಂಗಸರಿಗೆಲ್ಲ ಅದನ್ನು ಕೂರಿಸಿ ಹೇಳಿಕೊಟ್ಟವಳು ಸ್ವತಃ ಲಾವೊನ್. ಈಗ ಅದು ಅವಳ ಕುತ್ತಿಗೆಗೇ ಬಂದಿತ್ತು.

ಆದರೂ ಅವಳು ಸುಮ್ಮನೆ ಕೂರಲಿಲ್ಲ. ಸಂಜೆ ಆಟಕ್ಕೆ ಮುಂಚೆ ಎಸೆಗಾರರ ಕೋಚ್‌ನನ್ನು ಬೇಲಿಯ ಹತ್ತಿರ ಕಂಡು, ಗುಟ್ಟು ಬಿಡದೆ ಬರೀ ತುದಿ ಎಳೆದು ನೋಡಿದಳು. "ಥ್ಯಾಡ್ ದಣಿದ ಹಾಗೆ ಕಾಣ್ತಾನಲ್ಲ? ಒಂದು ವಾರ ಬಿಡುವು ಕೊಟ್ರೆ ಹೆಂಗೆ?"

ಕೋಚ್ ಸೂರ್ಯಕಾಂತಿ ಬೀಜ ಅಗಿಯುತ್ತಿದ್ದ. ಅವಳ ಮುಖ ನೋಡಿದ, ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. "ಭಾನುವಾರ ಮುಗೀಲಿ ಲಾವೊನ್," ಎಂದ. ಸಿಪ್ಪೆ ಉಗಿದ. "ಮೇಲಿನೋರು ಅವನನ್ನ ಬೇರೆ ತಂಡಕ್ಕೆ ಕೊಟ್ಟು, ಒಬ್ಬ ಅನುಭವಿ ಎಸೆಗಾರನನ್ನ ತಗೊಳ್ಳೋ ಮಾತಾಡ್ತಿದಾರೆ. ಭಾನುವಾರದ ಮಟ್ಟಿಗೆ ಅವನು ಗಟ್ಟಿಮುಟ್ಟಾಗಿ ಕಾಣಬೇಕು. ಆಮೇಲೆ ಅದು ಕೊಂಡೋರ ತಲೆನೋವು."

ಅಂದರೆ ಇವನಿಗೂ ಗೊತ್ತು! ಗೊತ್ತಿದ್ದೂ ಬಾಯಿಗೆ ಬೀಗ. ದನದ ಸಂತೆಯಲ್ಲಿ ಕುಂಟೆತ್ತನ್ನು ದಾಟಿಸುವವರಿಗಾದರೂ ಒಂದಿಷ್ಟು ಅಳುಕಿರುತ್ತದೆ. ಲಾವೊನ್ ಅವನ ಬೂಟಿನ ಮೇಲೆ ಅಂಟಿದ್ದ ಸಿಪ್ಪೆಗಳನ್ನು ನೋಡುತ್ತ ನಿಂತಳು. ಈ ಆಟವನ್ನು ಇಷ್ಟು ವರ್ಷ ಪ್ರೀತಿಸಿದೆನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಆಗ ಅವಳಿಗೆ ಮಿಲ್ಟ್ ಝೂಕ್ ನೆನಪಾದ.

ಮಿಲ್ಟ್ ಅವಳ ಜೊತೆ ಜೋಳದ ಪಾಕದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಈಗ ಸ್ಟೇಡಿಯಮ್ಮಿನ ಮಾಳಿಗೆಯ ಗೂಡಿನಲ್ಲಿ ಕೂತು ವೇಗದ ಬೋರ್ಡು ನಡೆಸುತ್ತಿದ್ದ. ಪ್ರತಿ ಎಸೆತದ ವೇಗ ಅವನ ಎದುರಿನ ಗನ್ನಿನಲ್ಲಿ ಬರುತ್ತದೆ, ಅವನು ಗುಂಡಿ ಒತ್ತಿದರೆ ಮೈದಾನದ ಆಚೆ ಬೇಲಿಯ ಮೇಲಿನ ದೊಡ್ಡ ಬೋರ್ಡಿನಲ್ಲಿ ಬೆಳಗುತ್ತದೆ. ಮ್ಯೂಲ್ಸ್ ಹುಡುಗರ ಎಸೆತಕ್ಕೆ ಎರಡು ಮೈಲಿ ಸೇರಿಸಿ ಒತ್ತು ಎಂದು ಟ್ರಿಪ್ ಹೇಳಿದ್ದ, ಇವನು ಒತ್ತುತ್ತಿದ್ದ. ಈ ಎರಡರ ಸಂಗತಿ ಆಟಗಾರರಿಗೂ ಗೊತ್ತು, ನೆಲ್ಸ್‌ಗೂ ಗೊತ್ತು, ಲಾವೊನ್‌ಗೂ ಗೊತ್ತು. ಬಿಯರ್ ಕುಡಿಯಲು ಬರುವವರಿಗೆ ಮಾತ್ರ ಬೋರ್ಡು ಹೇಳಿದ್ದೇ ಸತ್ಯ.

ಶನಿವಾರ ಅವಳು ಗೂಡಿಗೆ ಹತ್ತಿ ಹೋದಾಗ ಮಿಲ್ಟ್ ಈರುಳ್ಳಿ ಹಾಕಿದ ಲಿವರ್ ಸಾಸೇಜಿನ ಬ್ರೆಡ್ಡು ತಿನ್ನುತ್ತಿದ್ದ. ಕಿಟಕಿಯಿಂದ ಕಾರ್ಖಾನೆಯ ಹುಳಿಗಬ್ಬು ಬೇರೆ ಒಳಗೆ ಬರುತ್ತಿತ್ತು.

"ನಾಳೆ ಥ್ಯಾಡ್‌ಗೆ ನೂರು ಹಾಕ್ಬೇಕು," ಎಂದಳು ಲಾವೊನ್.

"ಅದನ್ನ ನೀನು ಹೇಳ್ಬೇಕಾ? ಟ್ರಿಪ್ ಆಗಲೇ ಹೇಳಿದಾನೆ. ಒಂಬತ್ತರಲ್ಲಿ ಆರನೇ ಇನಿಂಗ್ಸ್ ಆದ್ಮೇಲೆ ತೊಂಬತ್ತೇಳರ ಹತ್ರ ಬಂದದ್ದಕ್ಕೆ ನೂರು ಅನ್ನು ಅಂದ. ಮುಂಚೆ ಹಾಕಿದ್ರೆ ಜನ ತಿಂದ್ಕೊಂಡು ಮನೆಗೆ ಹೋಗ್ತಾರೆ, ಬಿಯರ್ ಯಾರು ಕುಡೀತಾರೆ?"

"ಥೂ ನಿಮ್ಮ!" ಎಂದಳು ಲಾವೊನ್. "ಆರನೇದರವರೆಗೆ ಆ ಹುಡುಗ ಪ್ರತಿ ಚೆಂಡಿಗೂ ನೂರು ಬರತ್ತಾ ಅಂತ ಕೈ ಕಿತ್ಕೊಳ್ತಾನೆ ಮಿಲ್ಟ್. ಮೊದಲನೇದರಲ್ಲೇ ಹಾಕು. ಎಷ್ಟಾದ್ರೂ ಬರ್ಲಿ, ನೂರು ಅಂತ ಹಾಕ್ಬಿಡು. ಜನಕ್ಕೆ ಅವರ ಸಾಸೇಜು ಸಿಕ್ಕತ್ತೆ, ಬಾಯಿ ಮುಚ್ಕೊಳ್ತಾರೆ. ಅವನು ಆಮೇಲೆ ನಿಧಾನವಾಗಿ ಎಸೀತಾನೆ."

ಮಿಲ್ಟ್ ಅಗಿಯುವುದನ್ನು ನಿಲ್ಲಿಸಿದ. "ಕೈ ಕೆಟ್ಟಿದೆಯಾ?"

"ನಾನು ಹಾಗಂದ್ನಾ?"

"ಅನ್ಲಿಲ್ಲ. ಆದ್ರೆ ಎರಡು ಸೇರಿಸೋದು ಬೇರೆ, ಏಳೆಂಟು ಸೇರಿಸೋದು ಬೇರೆ. ಸ್ಕೌಟುಗಳು ಇರ್ತಾರೆ."

"ಅವರ ಕೈಲಿ ಅವರವರ ಗನ್ನು ಇರತ್ತೆ. ಯಾವ ಸ್ಕೌಟು ತಲೆ ಎತ್ತಿ ನಿನ್ ಬೋರ್ಡು ನೋಡಿದಾನೆ ಇಷ್ಟು ವರ್ಷದಲ್ಲಿ? ಜನ ಗನ್ನು ನೋಡಲ್ಲ, ಸ್ಕೌಟು ಬೋರ್ಡು ನೋಡಲ್ಲ. ಯಾರಿಗೆ ನಷ್ಟ?"

ಮಿಲ್ಟ್ ಬೆರಳಿಗಂಟಿದ ಈರುಳ್ಳಿ ಒರೆಸಿಕೊಂಡ. "ಮೊದಲನೇದರಲ್ಲಿ ಬೇಡ, ಟ್ರಿಪ್ ಇಲ್ಲೇ ನಿಂತಿರ್ತಾನೆ. ಎರಡನೇದರಲ್ಲಿ ಅವನು ಮೈದಾನದಲ್ಲಿ ಕಡ್ಡಿ ಸಾಸೇಜಿನ ಓಟದ ಪಂದ್ಯ ನಡ್ಸೋಕೆ ಇಳೀತಾನೆ. ಆಗ ಹಾಕ್ತೀನಿ," ಎಂದ.

ಅವಳು ಮೆಟ್ಟಿಲಿಳಿದು ಬರುವಾಗ ಎದೆಯ ಭಾರ ಎಷ್ಟೋ ಇಳಿದಿತ್ತು. ಕಟ್ಟುಪಾಡು ಮುರಿಯಲಿಲ್ಲ, ಹುಡುಗನ ಕೈಯೂ ಉಳಿಯಿತು. ಮೋಸದ ಜಾಗದಲ್ಲಿ ಮೋಸದಿಂದಲೇ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಭಾನುವಾರ ಬಿಸಿಲು ತಲೆ ಸೀಳುವಂತಿತ್ತು. ನೆಲ್ಸ್ ಹೇಳಿದ ಹಾಗೆ ಒಂದು ಸೀಟೂ ಖಾಲಿ ಇರಲಿಲ್ಲ. ಸಾಸಿವೆ, ಬೆವರು, ಬಿಸಿಲಿಗೆ ಬೆಚ್ಚಗಾದ ಬಿಯರು, ಮೇಲೆ ಕಾರ್ಖಾನೆಯ ಹುಳಿಗಬ್ಬು. ಲಾವೊನ್ ಕರವಸ್ತ್ರ ಮೂಗಿಗೆ ಹಿಡಿದೇ ಕೂತಿದ್ದಳು. ಮುಂದಿನ ಸಾಲಿನಲ್ಲಿ ದೊಡ್ಡ ತಂಡಗಳು ಹುಡುಗರನ್ನು ತೂಗಿ ನೋಡಲು ಕಳಿಸಿದ ಸ್ಕೌಟುಗಳು, ಇಬ್ಬರು, ಹುಲ್ಲುಟೋಪಿ ಹಾಕಿ ಗನ್ನು ಹಿಡಿದು ಕೂತಿದ್ದರು. ಅವರು ನಗುವುದೂ ಇಲ್ಲ, ಕೂಗುವುದೂ ಇಲ್ಲ.

ಥ್ಯಾಡ್ ಮೈದಾನದ ನಡುವೆ ಎಸೆಗಾರ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ ಬಂದು ನಿಂತಾಗ ಚಪ್ಪಾಳೆಯಲ್ಲ, ಬೇಡಿಕೆ ಎದ್ದಿತು. "ನೂರು! ನೂರು! ನೂರು!" ಎಂದು ಕಾಲು ಬಡಿದರು. ಮೊದಲ ಎಸೆತ. ಬೋರ್ಡಿನಲ್ಲಿ ತೊಂಬತ್ತೈದು. ಓಹ್ ಎಂದು ನಿಟ್ಟುಸಿರು. ಎರಡನೆಯದು, ತೊಂಬತ್ನಾಲ್ಕು. ಯಾರೋ ಶಿಳ್ಳೆ ಹಾಕಿ ಅಣಕಿಸಿದರು.

"ಎರಡು ಕಳೀರಿ. ತೊಂಬತ್ಮೂರು, ತೊಂಬತ್ತೆರಡು," ಎಂದ ನೆಲ್ಸ್ ತನ್ನ ಗನ್ನು ನೋಡಿ. "ಇವತ್ತು ಏನಾಗಿದೆ ಇವನಿಗೆ? ನಿಮ್ಮನೇಲಿ ಊಟ ಹಾಕಿಲ್ವಾ?"

"ಚೆಂಡು ಎಲ್ಲಿ ಬೀಳ್ತಿದೆ ನೋಡಿ ನೆಲ್ಸ್. ಮೊಣಕಾಲ ಮಟ್ಟದಲ್ಲಿ, ಮೂಲೇಲಿ. ದಾಂಡಿಗ ಕಕ್ಕಾಬಿಕ್ಕಿ ಆಗಿದಾನೆ."

"ಮೂಲೇಲಿ ಹಾಕೋರು ಎಲ್ಲಾ ಕಡೆ ಸಿಗ್ತಾರೆ. ತೊಂಬತ್ಮೂರು ಅಂದ್ರೆ ಇಪ್ಪತ್ತೆಂಟನೇ ಸ್ಥಾನಕ್ಕೂ ಕಷ್ಟ."

ನಿಜ ಹೇಳಬೇಕೆಂದರೆ ಥ್ಯಾಡ್ ಅಂದು ಚೆನ್ನಾಗಿ ಎಸೆಯುತ್ತಿದ್ದ. ಕೈಯನ್ನು ಕಾಪಾಡಿಕೊಂಡು, ಜೋರಿನ ಆಸೆ ಬಿಟ್ಟು, ಜಾಗ ನೋಡಿ ಇಡುತ್ತಿದ್ದ. ಮೂವರು ದಾಂಡಿಗರು ಬಂದರು, ಮೂವರೂ ಔಟಾಗಿ ಹೋದರು, ಅಲ್ಲಿಗೆ ಅವನ ಮೊದಲ ಇನಿಂಗ್ಸ್ ಮುಗಿಯಿತು. ಅದನ್ನು ನೋಡುವ ಕಣ್ಣು ಇಡೀ ಸ್ಟೇಡಿಯಮ್ಮಿನಲ್ಲಿ ಎಷ್ಟು ಜನಕ್ಕಿತ್ತು? "ದುಡ್ಡು ವಾಪಸ್ ಕೊಡೋ!" ಎಂದು ಮೇಲಿನ ಸಾಲಿನಿಂದ ಒಬ್ಬ ಗಂಟಲು ಹರಿದುಕೊಂಡ. ಅವನ ಹೊಟ್ಟೆ ಅಂಗಿಯಿಂದ ಹೊರಗೆ ನೇತಾಡುತ್ತಿತ್ತು. ಇವನಿಗೆ ಪುಕ್ಕಟೆ ಸಾಸೇಜು ಬೇರೆ ಕೇಡು ಎಂದುಕೊಂಡಳು ಲಾವೊನ್.

ಎರಡನೆಯ ಇನಿಂಗ್ಸಿಗೆ ಮುಂಚೆ ಸಾಸೇಜಿನ ವೇಷದ ಮೂವರು ಮೈದಾನದ ಅಂಚಿನಲ್ಲಿ ಓಡಿದರು, ಟ್ರಿಪ್ ಮೈಕು ಹಿಡಿದು ಅವರ ಹಿಂದೆ ಓಡಿದ, ಜನ ಕೇಕೆ ಹಾಕಿದರು. ಥ್ಯಾಡ್ ಮತ್ತೆ ದಿಬ್ಬ ಹತ್ತಿದ. ಮೊದಲ ಚೆಂಡು ಎಸೆದ, ದಾಂಡಿಗನ ಬೀಸು ಗಾಳಿಗೆ ಹೋಯಿತು, ಸ್ಟ್ರೈಕ್.

ಬೋರ್ಡಿನಲ್ಲಿ ನೂರು ಬೆಳಗಿತು.

ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಸ್ಟೇಡಿಯಮ್ಮು ಸ್ಫೋಟಿಸಿತು. ಗೊತ್ತಿಲ್ಲದವರು ಗೊತ್ತಿಲ್ಲದವರನ್ನು ತಬ್ಬಿದರು. ಬಿಯರು ಮಳೆಯಾಯಿತು. ಲಾವೊನ್ ಕೂಡ ಎದ್ದು ನಿಂತು ಎರಡೂ ಕೈ ಮೇಲೆತ್ತಿ "ಹೋ!" ಎಂದು ಕಿರುಚಿದಳು. ಸುಳ್ಳೆಂದು ಗೊತ್ತು, ತಾನೇ ಹೇಳಿ ಮಾಡಿಸಿದ ಸುಳ್ಳೆಂದು ಗೊತ್ತು, ಆದರೂ ಆ ಕೂಗು ಅವಳ ಹೊಟ್ಟೆಯಿಂದಲೇ ಬಂತು. ಕೂಗಿ ಮುಗಿದ ಮೇಲೆ ಅವಳಿಗೆ ನಾಚಿಕೆಯಾಗಿ ಕೂತುಬಿಟ್ಟಳು.

"ಏನ್ ಕಚಡಾ ಇದು! ತೊಂಬತ್ಮೂರು!" ನೆಲ್ಸ್ ಗನ್ನನ್ನು ಅವಳ ಮೂಗಿನ ಕೆಳಗೆ ಹಿಡಿದ. "ನೋಡಿ, ತೊಂಬತ್ಮೂರು! ಏಳು ಮೈಲಿ ಎಲ್ಲಿಂದ ಬಂತು? ಹಾಡುಹಗಲೇ ದರೋಡೆ!" ಅವನ ಹೆಬ್ಬೆರಳು ಆಗಲೇ ಫೋನಿನ ಮೇಲೆ ಕುಣಿಯುತ್ತಿತ್ತು.

ಜನಕ್ಕೆ ಯಾರ ಗನ್ನೂ ಬೇಕಿರಲಿಲ್ಲ. ಧ್ವನಿವರ್ಧಕ "ಬಿಸಿಬಿಸಿ ತಯಾರಿದೆ!" ಎಂದದ್ದೇ ತಡ, ಸಾಲು ಸಾಲೇ ಎದ್ದು ಅಂಗಡಿಗಳ ಕಡೆ ನುಗ್ಗಿತು. ನೂಕುನುಗ್ಗಲು, ಬೈಗುಳ, ಮೊಣಕೈ ತಿವಿತ. ಹುಡುಗ ಇನ್ನೂ ದಿಬ್ಬದ ಮೇಲೆಯೇ ಇದ್ದ, ಆಟ ಇನ್ನೂ ನಡೆಯುತ್ತಲೇ ಇತ್ತು, ಇವರ ಬೆನ್ನು ಮಾತ್ರ ಮೈದಾನಕ್ಕೆ.

ಲಾವೊನ್ ಥ್ಯಾಡ್‌ನನ್ನು ನೋಡಿದಳು. ಅವನು ತಿರುಗಿ ನಿಂತು ಬೋರ್ಡನ್ನು ನೋಡುತ್ತಿದ್ದ.

ಅವಳ ಲೆಕ್ಕದಲ್ಲಿ ಜನ ಇದ್ದರು, ಸ್ಕೌಟುಗಳಿದ್ದರು, ಟ್ರಿಪ್ ಇದ್ದ. ಎಸೆದವನೂ ತಿರುಗಿ ಬೋರ್ಡು ನೋಡುತ್ತಾನೆ, ನೋಡಿ ನಂಬುತ್ತಾನೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಎಷ್ಟು ವರ್ಷ ಆಟ ನೋಡಿದ್ದಳು! ಎಷ್ಟು ಎಸೆಗಾರರು ಕಳ್ಳಗಣ್ಣಿನಿಂದ ಆ ಬೋರ್ಡು ನೋಡುವುದನ್ನು ನೋಡಿ ನಕ್ಕಿದ್ದಳು! ಎರಡು ಕಳೆದರೂ ತೊಂಬತ್ತೆಂಟು, ಅದೂ ಕೈ ಬಿಗಿ ಹಿಡಿದು ಎಸೆದದ್ದಕ್ಕೆ. ಹಾಗಾದರೆ ಈ ಕೈಗೆ ಏನೂ ಆಗಿಲ್ಲ, ಬಿಟ್ಟು ಎಸೆದರೆ ನಿಜವಾದ ನೂರೇ ಬಂದೀತು. ಹುಡುಗನ ಮುಖದ ಮೇಲೆ ಅರಳಿದ ನಗುವಿನಲ್ಲಿ ಈ ಲೆಕ್ಕವೆಲ್ಲ ಅವಳಿಗೆ ಸ್ಪಷ್ಟ ಕಂಡಿತು.

"ಬೇಡ," ಎಂದಳು ಲಾವೊನ್. ಎದ್ದು ಬೇಲಿಗೆ ಓಡಿದಳು. "ಥ್ಯಾಡ್! ಬೇಡ್ವೋ! ನಿಧಾನ!"

ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು? ಅವನು ಕಾಲೆತ್ತಿದ, ಇಡೀ ದೇಹ ಬಿಲ್ಲಾಗಿ ಬಾಗಿತು, ಕೈ ಬೀಸಿತು. ಚೆಂಡು ಕ್ಯಾಚರನ ತಲೆಯ ಮೇಲೆ ಹಾರಿ ಬೇಲಿಗೆ ಬಡಿಯಿತು. ಥ್ಯಾಡ್ ಚೆಂಡು ಎಲ್ಲಿ ಹೋಯಿತೆಂದು ನೋಡಲೂ ಇಲ್ಲ. ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಮೊಣಕಾಲೂರಿದ. ಹಾಗೇ ಕೂತ, ಹಣೆ ಮಣ್ಣಿಗೆ ಮುಟ್ಟುವಷ್ಟು ಬಾಗಿ.

ಕೋಚ್ ಓಡಿದ, ಚಿಕಿತ್ಸೆಯವನು ಓಡಿದ. ಮುಂದಿನ ಸಾಲಿನಲ್ಲಿ ಒಬ್ಬ ಸ್ಕೌಟು ಗನ್ನಿನ ಬ್ಯಾಟರಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಇನ್ನೊಬ್ಬ, "ಮೂರು ಗಂಟೆ ದಾರಿ ಬಂದಿದ್ದು ದಂಡ," ಎಂದು ಟೋಪಿ ಸರಿಮಾಡಿಕೊಂಡ. ಅಂಗಡಿಗಳ ಎದುರಿನ ಸಾಲಿನಿಂದ ಒಬ್ಬಿಬ್ಬರು ಕತ್ತು ತಿರುಗಿಸಿ ನೋಡಿದರು. ಸಾಲು ಬಿಟ್ಟರೆ ಜಾಗ ಹೋಗುತ್ತದೆ ಎಂದು ಯಾರೂ ಕದಲಲಿಲ್ಲ. ನೆಲ್ಸ್ ಫೋನಿನಿಂದ ತಲೆ ಎತ್ತಿ, "ಛೆ, ಪಾಪ," ಎಂದ. ಒಂದು ಕ್ಷಣದ ನಂತರ, "ಪಟ್ಟಿಯಿಂದ ತೆಗೀಬೇಕು ಇನ್ನು," ಎಂದು ಮತ್ತೆ ತಲೆ ತಗ್ಗಿಸಿದ. ಲಾವೊನ್ ಅವನ ಫೋನು ಕಿತ್ತು ನೆಲಕ್ಕೆ ಕುಕ್ಕಿದಳು. ಅದು ಕಡಲೆಕಾಯಿ ಸಿಪ್ಪೆಯ ನಡುವೆ ಬಿತ್ತು, ಒಡೆಯಲೂ ಇಲ್ಲ.

"ಹುಚ್ಚು ಹಿಡೀತಾ ನಿಮಗೆ?" ಎಂದ ನೆಲ್ಸ್. "ಬೋರ್ಡಿನವರು ಮಾಡಿದ ಮೋಸಕ್ಕೆ ನನ್ ಮೇಲೆ ಯಾಕೆ? ನಾನು ಸತ್ಯಾನೇ ಹಾಕಿದೀನಿ. ತೊಂಬತ್ಮೂರು ಅಂತ. ಈಗಾಗಲೇ ನೂರಾರು ಜನ ನೋಡಿದಾರೆ."

ಅವನು ಹೇಳಿದ್ದು ಸರಿಯಿತ್ತು. ಅದೇ ಅವಳಿಗೆ ತಡೆಯಲಾಗಲಿಲ್ಲ. ಸಂಜೆಯೊಳಗೆ ಥ್ಯಾಡ್ ಅದನ್ನು ಓದುತ್ತಾನೆ, ಪರಿಚಯವಿಲ್ಲದ ಸಾವಿರ ಜನ ಅದರ ಕೆಳಗೆ ನಗೆಯಾಡಿದ್ದನ್ನೂ ಓದುತ್ತಾನೆ. ಆಟಗಾರರ ಕೋಣೆಗಳ ಕಡೆ ಹೋಗುವ ಓಣಿಯಲ್ಲಿ ಅವಳು ಹೆಚ್ಚು ಕಡಿಮೆ ಓಡಿದಳು. ಬಾಗಿಲು ಕಾಯುವವನು ಅವಳನ್ನು ಬಲ್ಲವನೇ, ಬಿಟ್ಟ.

ಚಿಕಿತ್ಸೆಯ ಕೋಣೆಯಲ್ಲಿ ಥ್ಯಾಡ್ ಒಬ್ಬನೇ ಎತ್ತರದ ಮೇಜಿನ ಮೇಲೆ ಕೂತಿದ್ದ. ಕೈಗೆ ಐಸು ಕಟ್ಟಿ ಎದೆಗೆ ಬಿಗಿದಿದ್ದರು. ಚಿಕಿತ್ಸೆಯವನು ದೊಡ್ಡ ತಂಡದ ಡಾಕ್ಟರಿಗೆ ಫೋನು ಮಾಡಲು ಆಚೆ ಹೋಗಿದ್ದ. ಹುಡುಗನ ಮುಖ ಬಿಳಿಚಿಕೊಂಡಿತ್ತು, ಆದರೆ ಅವಳನ್ನು ಕಂಡದ್ದೇ ನಕ್ಕ.

"ನೋಡಿದ್ರಾ, ಮಿಸ್ ಲಾವೊನ್? ನೂರು! ಸರಿ, ತೊಂಬತ್ತೆಂಟೇ ಅನ್ನಿ. ಕೈ ನೋಯ್ತಿದ್ರೂ!" ತುಟಿ ಕಚ್ಚಿಕೊಂಡ. "ಪಟ್ ಅಂತು ಆಮೇಲೆ. ನನಗೇ ಕೇಳಿಸ್ತು. ಆದ್ರೂ ಅಂಥ ಕೈಯನ್ನ ಇವರು ಹಂಗೇ ಬಿಸಾಕಲ್ಲ, ಅಲ್ವಾ? ಕೊಯ್ದು ಸರಿ ಮಾಡಿಸ್ತಾರೆ. ನೋವಲ್ಲೂ ತೊಂಬತ್ತೆಂಟು ಎಸೆದೋನನ್ನ ಯಾರಾದ್ರೂ ಬಿಡ್ತಾರಾ?"

ಹೂಂ ಎಂದುಬಿಡಬಹುದಿತ್ತು. ಅವಳ ಬಾಯಿ ಅದಕ್ಕೇ ತೆರೆದಿತ್ತು. ಆದರೆ ಇನ್ನೊಂದು ಸುಳ್ಳನ್ನು ಇವನ ಕೈಯಲ್ಲಿ ಇಟ್ಟು ಹೋದರೆ ತಾನು ಟ್ರಿಪ್‌ಗಿಂತ ಕಡೆ ಎನ್ನಿಸಿತು.

"ಅದು ತೊಂಬತ್ಮೂರು ಕಣೋ," ಎಂದಳು ಲಾವೊನ್. "ಬೋರ್ಡು ಸುಳ್ಳು. ನಾನೇ ಮಿಲ್ಟ್‌ಗೆ ಹೇಳಿ ಹಾಕಿಸ್ದೆ. ಜನದ ಬಾಯಿ ಮುಚ್ಚಿದ್ರೆ ನೀನು ನಿಧಾನಕ್ಕೆ ಎಸೀತೀಯ ಅಂದ್ಕೊಂಡೆ. ನೀನು ನೋಡ್ತೀಯ ಅಂತ ಹೊಳೀಲಿಲ್ಲ. ಸ್ಕೌಟುಗಳ ಗನ್ನಲ್ಲೂ ತೊಂಬತ್ಮೂರೇ ಇದೆ."

ನಗು ಅವನ ಮುಖದಿಂದ ಒಮ್ಮೆಲೇ ಹೋಗಲಿಲ್ಲ. ಅರ್ಥವಾಗಲು ಹೊತ್ತು ಹಿಡಿಯಿತು. ಗೋಡೆಯಾಚೆ ಜನ ಮತ್ತೇನಕ್ಕೋ ಕೂಗಿದರು. ಬೇರೆ ಯಾರನ್ನೋ ದಿಬ್ಬಕ್ಕೆ ಕಳಿಸಿದ್ದರು.

"ನಾನು ಚೆನ್ನಾಗಿ ಎಸೀತಿದ್ದೆ," ಎಂದ ಥ್ಯಾಡ್ ಕೊನೆಗೆ. "ಮೂಲೇಲಿ ಇಡ್ತಿದ್ದೆ. ಹಂಗೇ ಆರು ಇನಿಂಗ್ಸ್ ಎಸೀಬಹುದಿತ್ತು."

"ಗೊತ್ತು."

ಬಯ್ಯಲಿ ಎಂದು ಅವಳು ಕಾದಳು. ಬಾಯಿಗೆ ಬಂದದ್ದು ಅನ್ನಲಿ, ಎಡಗೈಯಲ್ಲಿ ಸಿಕ್ಕಿದ್ದು ಎತ್ತಿ ಎಸೆಯಲಿ.  ಅವನು ಅವಳ ಕಡೆ ನೋಡಲೂ ಇಲ್ಲ. ಬಗ್ಗಿ ಎಡಗೈಯಲ್ಲಿ ಬೂಟಿನ ದಾರ ಬಿಚ್ಚಲು ನೋಡಿದ. ಗಂಟು ಬಿಗಿಯಾಗಿತ್ತು, ಒಂದು ಕೈಗೆ ಬಗ್ಗಲಿಲ್ಲ. ಇನ್ನೊಮ್ಮೆ ನೋಡಿದ. ಐಸಿನ ಕಟ್ಟು ಮೊಣಕಾಲಿಗೆ ತಾಗಿ ನೋವಿಗೆ ಉಸಿರು ಎಳೆದುಕೊಂಡ.

"ಇದನ್ನ ಬಿಚ್ಚಿ," ಎಂದ. ಮಿಸ್ ಲಾವೊನ್ ಎನ್ನಲಿಲ್ಲ. ಬಾಗಿಲ ಕಡೆಯೇ ನೋಡುತ್ತಿದ್ದ, ಬೇರೆ ಯಾರಾದರೂ ಬಂದಿದ್ದರೆ ಅವಳನ್ನು ಕೇಳುತ್ತಿರಲಿಲ್ಲ.

ಲಾವೊನ್ ಸಿಮೆಂಟಿನ ನೆಲದ ಮೇಲೆ ಮೊಣಕಾಲೂರಿದಳು. ಬೂಟಿನ ತಳದ ಮುಳ್ಳುಗಳಿಗೆ ದಿಬ್ಬದ ಕೆಮ್ಮಣ್ಣು ಮೆತ್ತಿತ್ತು. ಅವಳು ಉಗುರಿನಿಂದ ಒಂದೊಂದೇ ಗಂಟು ಸಡಿಲಿಸಿ, ಮೊದಲು ಒಂದು, ಆಮೇಲೆ ಇನ್ನೊಂದು ಬೂಟು ಎಳೆದು ತೆಗೆದು ಗೋಡೆಗೆ ಒರಗಿಸಿಟ್ಟಳು. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ.